ಶೆಲ್ ಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್: ಸಾಧ್ಯವೇ, ಎಷ್ಟು ಬೇಕು?

ಲಿನಕ್ಸ್ ಗಣಕವಿರುವಲ್ಲಿ ಒಂದಲ್ಲ ಒಂದು ಶೆಲ್ ಸ್ಕ್ರಿಪ್ಟ್ ಇದ್ದೇ ಇರುತ್ತದೆ. ರಾತ್ರಿ ಹೊತ್ತು ಕಡತಗಳ ನಕಲು ತೆಗೆದಿಡಲು ಒಂದು, ಲ್ಯಾಬಿನ ಗಣಕಗಳೆಲ್ಲ ಚಾಲೂ ಇವೆಯೇ ಎಂದು ನೋಡಲು ಇನ್ನೊಂದು, ಹಳೆಯ ಕಡತಗಳನ್ನು ಅಳಿಸಿ ಜಾಗ ಮಾಡಲು ಮತ್ತೊಂದು. ಹುಟ್ಟುವಾಗ ಹತ್ತು ಸಾಲು ಇರುವ ಇಂಥ ಸ್ಕ್ರಿಪ್ಟ್ ವರ್ಷ ಕಳೆಯುವಷ್ಟರಲ್ಲಿ ನಾನೂರು ಸಾಲು ಆಗಿರುತ್ತದೆ. ಬರೆದವರು ವರ್ಗವಾಗಿ ಬೇರೆ ಊರಿಗೆ ಹೋಗಿರುತ್ತಾರೆ. ಉಳಿದವರಿಗೆ ಅದನ್ನು ಮುಟ್ಟಲು ಹೆದರಿಕೆ.

ಗಡಿ ಭಾಗದ ಕನ್ನಡಿಗರಲ್ಲಿ ಕಾಸರಗೋಡಿನ ಮಕ್ಕಳಿಗೆ ಈ ವಿಷಯ ತೀರಾ ದೂರದ್ದಲ್ಲ. ಕೇರಳದ ಶಾಲೆಗಳಲ್ಲಿ ‘ಐಟಿ@ಸ್ಕೂಲ್’ ಯೋಜನೆಯ ಕಾಲದಿಂದಲೂ ಗ್ನು/ಲಿನಕ್ಸ್ ಬಳಕೆಯಲ್ಲಿದೆ. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಶಾಲೆಯ ಗಣಕದಲ್ಲಿ ಟರ್ಮಿನಲ್ ಎಂಬ ಕಿಟಕಿ ತೆರೆದರೆ ಒಳಗೆ ಕಾದು ಕುಳಿತಿರುವುದು ‘ಬ್ಯಾಷ್’ ಎಂಬ ಶೆಲ್. ಮುಂದೆ ಕಾಲೇಜಿಗೆ ಹೋಗಿ ಜಾವಾ, ಪೈಥಾನ್ ಕಲಿತ ಮೇಲೆ ಅನೇಕರಿಗೆ ಒಂದು ಪ್ರಶ್ನೆ ಏಳುತ್ತದೆ: ಅಲ್ಲಿ ಕಲಿತ ಕ್ಲಾಸು, ಆಬ್ಜೆಕ್ಟುಗಳ ಪಾಠವನ್ನು ಈ ನಾನೂರು ಸಾಲಿನ ಶೆಲ್ ಸ್ಕ್ರಿಪ್ಟಿಗೆ ತರಲಾಗದೇ?

ಪೂರ್ತಿಯಾಗಿ ತರಲಾಗದು. ಒಂದು ಪಾಲನ್ನು ತರಬಹುದು, ಆ ಪಾಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಉಳಿದದ್ದನ್ನು ಹಟ ಹಿಡಿದು ತಂದರೆ ಸ್ಕ್ರಿಪ್ಟ್ ಮೊದಲಿಗಿಂತ ಅಪಾಯಕಾರಿಯಾಗುತ್ತದೆ. ಈ ಗೆರೆ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಒಂದು ಖಾಲಿ ವೇರಿಯೆಬಲ್ ಮಾಡಿದ ಅನಾಹುತ

ಮೊದಲು ರೋಗ ಏನೆಂದು ತಿಳಿಯೋಣ. 2015ರ ಜನವರಿಯಲ್ಲಿ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ದೋಷ ಬೆಳಕಿಗೆ ಬಂತು. ಆ ತಂತ್ರಾಂಶವನ್ನು ಚಾಲೂ ಮಾಡುವುದು ಒಂದು ಶೆಲ್ ಸ್ಕ್ರಿಪ್ಟ್. ತಾನು ಯಾವ ಕೋಶದಲ್ಲಿದ್ದೇನೆ ಎಂದು ಅದು ಮೊದಲು ಹುಡುಕಿ ಆ ಹೆಸರನ್ನು ಒಂದು ವೇರಿಯೆಬಲ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಎಷ್ಟೋ ಸಾಲುಗಳ ನಂತರ ‘ಆ ಕೋಶದ ಒಳಗಿರುವುದನ್ನೆಲ್ಲ ಅಳಿಸು’ ಎಂಬ ಆಜ್ಞೆ ಬರುತ್ತಿತ್ತು. ಒಬ್ಬ ಬಳಕೆದಾರ ಸ್ಟೀಮ್‌ನ ಕೋಶವನ್ನು ಬೇರೆ ಕಡೆಗೆ ಸಾಗಿಸಿದ್ದ. ಹುಡುಕುವ ಸಾಲು ವಿಫಲವಾಗಿ ವೇರಿಯೆಬಲ್ ಖಾಲಿ ಉಳಿಯಿತು. ಖಾಲಿ ಹೆಸರು, ಅದರ ಮುಂದೆ ಒಂದು ಓರೆ ಗೆರೆ, ಅದರ ಮುಂದೆ ನಕ್ಷತ್ರ. ಲಿನಕ್ಸ್‌ನಲ್ಲಿ ಇದರ ಅರ್ಥ ‘ಇಡೀ ಡಿಸ್ಕ್’. ಆತನಿಗೆ ಅಳಿಸುವ ಹಕ್ಕಿದ್ದ ಎಲ್ಲ ಕಡತಗಳೂ ಹೋದವು, ಜೋಡಿಸಿಟ್ಟಿದ್ದ ಹೊರಗಿನ ಡಿಸ್ಕಿನಲ್ಲಿದ್ದವೂ ಹೋದವು. ತಮಾಷೆಯೆಂದರೆ ಆ ಅಪಾಯದ ಸಾಲಿನ ಮೇಲೆ, ಇದು ಹೆದರಿಕೆ ಹುಟ್ಟಿಸುವಂಥದ್ದು ಎಂದು ಬರೆದವರೇ ಟಿಪ್ಪಣಿ ಹಾಕಿಟ್ಟಿದ್ದರು.

ಇಲ್ಲಿ ತಪ್ಪಿದ್ದು ಎರಡು. ಒಂದು, ಬೆಲೆ ತುಂಬಿದ ಜಾಗ ಮತ್ತು ಅದನ್ನು ಬಳಸಿದ ಜಾಗ ಬಹಳ ದೂರ ದೂರ ಇದ್ದವು. ಎರಡು, ಬೆಲೆ ಸರಿಯಾಗಿದೆಯೇ ಎಂದು ನೋಡುವ ಜವಾಬ್ದಾರಿ ಯಾರ ಮೇಲೂ ಇರಲಿಲ್ಲ. ಶೆಲ್‌ನಲ್ಲಿ ಬೇರೆ ರೀತಿ ಹೇಳದ ಹೊರತು ಎಲ್ಲ ವೇರಿಯೆಬಲ್‌ಗಳೂ ಊರ ಸಾರ್ವಜನಿಕ ಬಾವಿಯಂತೆ. ಯಾರು ಬೇಕಾದರೂ ಕೊಡ ಇಳಿಸಬಹುದು, ಯಾರು ಬೇಕಾದರೂ ಕಸ ಹಾಕಬಹುದು. ಕಸ ಬಿದ್ದರೆ ಕೇಳುವವರಿಲ್ಲ.

ಆಬ್ಜೆಕ್ಟ್ ಓರಿಯೆಂಟೆಡ್ ಎಂದರೆ

ಈ ರೋಗಕ್ಕೆ ಔಷಧಿ ಹುಡುಕಿದವರಲ್ಲಿ ಮೊದಲಿಗರು ನಾರ್ವೆ ದೇಶದ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್. ಓಸ್ಲೋದಲ್ಲಿ ಅವರು ರೂಪಿಸಿದ ‘ಸಿಮುಲಾ 67’ ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್ ಎರಡೂ ಇದ್ದವು. ಮುಂದೆ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅಲನ್ ಕೇ ಮತ್ತು ಸಂಗಡಿಗರು ‘ಸ್ಮಾಲ್‌ಟಾಕ್’ ಕಟ್ಟಿದರು.

ಹಾಲಿನ ಸೊಸೈಟಿಯ ಪಾಸ್ ಪುಸ್ತಕವನ್ನು ನೆನಪಿಸಿಕೊಂಡರೆ ಸಾಕು. ಸದಸ್ಯರ ಹೆಸರು, ಹಾಕಿದ ಹಾಲು, ಬರಬೇಕಾದ ಹಣ ಅದರಲ್ಲಿವೆ. ಆದರೆ ಸದಸ್ಯರೇ ಪೆನ್ನು ಹಿಡಿದು ಅಂಕಿ ತಿದ್ದುವಂತಿಲ್ಲ. ಕಿಟಕಿಯಲ್ಲಿ ಕುಳಿತ ಗುಮಾಸ್ತರಿಗೆ ಹೇಳಬೇಕು, ಅವರು ನೋಡಿ ಬರೆಯಬೇಕು. ಮಾಹಿತಿ ಮತ್ತು ಅದನ್ನು ಬದಲಿಸುವ ವಿಧಾನ ಒಂದೇ ಕಡೆ ಇದ್ದು, ಹೊರಗಿನವರು ಕಿಟಕಿಯ ಮೂಲಕವೇ ವ್ಯವಹರಿಸುವುದು ಆಬ್ಜೆಕ್ಟಿನ ಮೊದಲ ಗುಣ. ಒಂದೇ ಮಾತು ಹೇಳಿದಾಗ ಬೇರೆ ಬೇರೆ ಆಬ್ಜೆಕ್ಟುಗಳು ತಮ್ಮ ತಮ್ಮ ರೀತಿಯಲ್ಲಿ ಉತ್ತರಿಸುವುದು ಎರಡನೆಯದು. ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸು ಆನುವಂಶಿಕವಾಗಿ ಪಡೆದು, ಬೇಕಾದ್ದನ್ನು ಮಾತ್ರ ಬದಲಿಸಿಕೊಳ್ಳುವುದು ಮೂರನೆಯದು.

ಶೆಲ್‌ನ ವಂಶಾವಳಿ ಬೇರೆ. 1979ರಲ್ಲಿ ಯುನಿಕ್ಸ್‌ನ 7ನೇ ಆವೃತ್ತಿಯ ಜೊತೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್, 1989ರಲ್ಲಿ ಬ್ರಯಾನ್ ಫಾಕ್ಸ್ ಗ್ನು ಯೋಜನೆಗಾಗಿ ಬರೆದ ಬ್ಯಾಷ್, ಇವೆಲ್ಲ ಹುಟ್ಟಿದ್ದು ಬೇರೆ ಪ್ರೋಗ್ರಾಮುಗಳನ್ನು ಕರೆದು ಕೆಲಸ ಮಾಡಿಸಲು. ಶೆಲ್ ಒಬ್ಬ ಮೇಸ್ತ್ರಿ. ಅವನಿಗೆ ಅಕ್ಷರಗಳ ಸಾಲು ಬಿಟ್ಟು ಬೇರೇನೂ ಹೆಚ್ಚಾಗಿ ಗೊತ್ತಿಲ್ಲ. ಅಂಕಿಯೂ ಅಕ್ಷರ, ಕಡತದ ಹೆಸರೂ ಅಕ್ಷರ, ಆಜ್ಞೆಯೂ ಅಕ್ಷರ.

ಹಾಗಿದ್ದೂ ಆಬ್ಜೆಕ್ಟಿನ ಎರಡನೆಯ ಗುಣವನ್ನು ಶೆಲ್ ಬರೆಯುವವರು ಹೆಸರು ಗೊತ್ತಿಲ್ಲದೆಯೇ ಬಳಸುತ್ತ ಬಂದಿದ್ದಾರೆ. ಹಳೆಯ ಲಿನಕ್ಸ್ ವ್ಯವಸ್ಥೆಗಳಲ್ಲಿ ವೆಬ್ ಸರ್ವರ್, ಪ್ರಿಂಟರ್ ಸೇವೆ, ಅಂಚೆ ಸೇವೆ ಪ್ರತಿಯೊಂದಕ್ಕೂ ಒಂದು ಸ್ಕ್ರಿಪ್ಟ್ ಇರುತ್ತಿತ್ತು. ಯಾವುದಕ್ಕೇ ಆಗಲಿ ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್ ಎಂದು ಹೇಳಿದರೆ ಅದು ತನ್ನ ರೀತಿಯಲ್ಲಿ ಆ ಕೆಲಸ ಮಾಡುತ್ತಿತ್ತು. ಹೇಳುವವರಿಗೆ ಒಳಗಿನ ಗುಟ್ಟು ಗೊತ್ತಿರಬೇಕಿಲ್ಲ. ಒಂದೇ ಮಾತು, ಹಲವು ಉತ್ತರ. ಕ್ಲಾಸ್ ಎಂಬ ಪದ ಆ ಸ್ಕ್ರಿಪ್ಟುಗಳಲ್ಲಿ ಎಲ್ಲೂ ಇರಲಿಲ್ಲ.

ಬ್ಯಾಷ್‌ನಲ್ಲಿ ಕಟ್ಟುವುದು ಹೇಗೆ?

ಒಂದು ಲ್ಯಾಬಿನ ಗಣಕಗಳ ಉದಾಹರಣೆ ತೆಗೆದುಕೊಳ್ಳೋಣ. ಪ್ರತಿ ಗಣಕಕ್ಕೂ ಹೆಸರು, ನೆಟ್‌ವರ್ಕ್ ವಿಳಾಸ, ನಕಲು ಇಡುವ ಕೋಶ ಎಂಬ ಮೂರು ವಿವರಗಳಿವೆ ಎನ್ನಿ. ಸಾಮಾನ್ಯ ಸ್ಕ್ರಿಪ್ಟಿನಲ್ಲಿ ಇಪ್ಪತ್ತು ಗಣಕಗಳಿಗೆ ಅರವತ್ತು ವೇರಿಯೆಬಲ್‌ಗಳು ಎಲ್ಲೆಂದರಲ್ಲಿ ಚೆಲ್ಲಿ ಬಿದ್ದಿರುತ್ತವೆ.

2009ರಲ್ಲಿ ಬಂದ ಬ್ಯಾಷ್ 4.0ರಲ್ಲಿ ‘ಅಸೋಸಿಯೇಟಿವ್ ಅರೇ’ ಎಂಬ ಸೌಲಭ್ಯ ಸೇರಿತು. ಡಿಕ್ಲೇರ್ ಆಜ್ಞೆಗೆ ದೊಡ್ಡಕ್ಷರದ ಎ ಆಯ್ಕೆ ಕೊಟ್ಟು ಇದನ್ನು ಮಾಡಬೇಕು. ಇದೊಂದು ಖಾನೆಗಳಿರುವ ಪೆಟ್ಟಿಗೆ. ಪ್ರತಿ ಖಾನೆಗೂ ಹೆಸರಿನ ಚೀಟಿ ಅಂಟಿಸಬಹುದು. ಏಳನೆಯ ಗಣಕಕ್ಕೆ ಪಿಸಿ7 ಎಂಬ ಒಂದೇ ಪೆಟ್ಟಿಗೆ, ಒಳಗೆ ‘ಹೆಸರು’, ‘ವಿಳಾಸ’, ‘ಕೋಶ’ ಎಂಬ ಮೂರು ಖಾನೆ. ನಾಲ್ಕನೆಯದಾಗಿ ‘ಕ್ಲಾಸ್’ ಎಂಬ ಖಾನೆ ಮಾಡಿ ಅದರಲ್ಲಿ ‘ಯಂತ್ರ’ ಎಂದು ಬರೆದಿಡಿ. ಇದು ಆಬ್ಜೆಕ್ಟಿನ ದೇಹ.

ಕನ್ನಡ ಓದುಗರಿಗೆ ಇಲ್ಲೊಂದು ಸಂತೋಷದ ಸಂಗತಿ ಇದೆ. ಬ್ಯಾಷ್‌ನಲ್ಲಿ ವೇರಿಯೆಬಲ್ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಲ್ಲೇ ಇರಬೇಕು. ಆದರೆ ಖಾನೆಯ ಚೀಟಿ ಯಾವ ಲಿಪಿಯಲ್ಲಿದ್ದರೂ ಆದೀತು. ಫಂಕ್ಷನ್‌ನ ಹೆಸರೂ ಅಷ್ಟೇ. ‘ಯಂತ್ರ.ನೋಡು’, ‘ಯಂತ್ರ.ನಕಲು’ ಎಂದು ನಡುವೆ ಚುಕ್ಕೆ ಇಟ್ಟು ಕನ್ನಡದಲ್ಲೇ ಫಂಕ್ಷನ್ ಬರೆದರೆ ಬ್ಯಾಷ್ ತಕರಾರು ಮಾಡದೆ ನಡೆಸುತ್ತದೆ. ಎಚ್ಚರಿಕೆಯೂ ಬೇಕು. ಕನ್ನಡದಲ್ಲಿ ಅರ್ಧಾಕ್ಷರ ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಬಳಸುತ್ತೇವಲ್ಲ, ಅದು ಪದದ ಕೊನೆಯಲ್ಲಿ ಇದ್ದರೂ ಇಲ್ಲದಿದ್ದರೂ ನೋಡಲು ಒಂದೇ ತೆರ. ಬ್ಯಾಷ್‌ಗೆ ಮಾತ್ರ ಅವು ಎರಡು ಬೇರೆ ಹೆಸರುಗಳು. ಒಂದು ಮಧ್ಯಾಹ್ನ ಪೂರ್ತಿ ದೋಷ ಹುಡುಕಿ ಸುಸ್ತಾಗಲು ಇಷ್ಟು ಸಾಕು. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುವುದೂ ಇಲ್ಲ. ಕಲಿಯಲು, ಕಲಿಸಲು ಚೆಂದ, ಕಚೇರಿಯ ಕೆಲಸಕ್ಕೆ ಇಂಗ್ಲಿಷ್ ಹೆಸರೇ ಕ್ಷೇಮ.

ದೇಹ ಆಯಿತು, ಈಗ ಕೈಕಾಲು. ‘ಯಂತ್ರ.ನೋಡು’ ಎಂಬ ಫಂಕ್ಷನ್‌ಗೆ ಪಿಸಿ7 ಎಂಬ ಹೆಸರನ್ನು ಕೊಡುತ್ತೇವೆ. ಆದರೆ ಅದಕ್ಕೆ ತಲುಪುವುದು ಹೆಸರಿನ ಅಕ್ಷರಗಳು ಮಾತ್ರ, ಪೆಟ್ಟಿಗೆಯಲ್ಲ. ಹೆಸರಿನಿಂದ ಪೆಟ್ಟಿಗೆಗೆ ಹೋಗುವ ದಾರಿ ಬೇಕು. 2014ರ ಬ್ಯಾಷ್ 4.3ರಲ್ಲಿ ಇದಕ್ಕಾಗಿ ‘ನೇಮ್‌ರೆಫ್’ ಬಂತು. ಫಂಕ್ಷನ್‌ನ ಮೊದಲ ಸಾಲಿನಲ್ಲಿ ಲೋಕಲ್ ಆಜ್ಞೆಗೆ ಎನ್ ಆಯ್ಕೆ ಕೊಟ್ಟು, ‘ಸೆಲ್ಫ್ ಎಂದರೆ ಪಿಸಿ7 ಎಂದೇ ತಿಳಿ’ ಎಂದು ಹೇಳಿದರೆ ಆಯಿತು. ಅಲ್ಲಿಂದ ಮುಂದೆ ಸೆಲ್ಫ್‌ನ ‘ವಿಳಾಸ’ ಖಾನೆ ಓದಿದರೆ ಪಿಸಿ7ರ ವಿಳಾಸ ಸಿಗುತ್ತದೆ. ಪೈಥಾನ್ ಬಲ್ಲವರಿಗೆ ಇದು ಮನೆಯ ಬಾಗಿಲಿನಷ್ಟೇ ಪರಿಚಿತ. ಒಂದು ಕೊಕ್ಕೆ ಇದೆ. ಕರೆಯುವ ಕಡೆಯ ಪೆಟ್ಟಿಗೆಯ ಹೆಸರೂ ಸೆಲ್ಫ್ ಎಂದೇ ಇದ್ದರೆ ಹೆಸರು ತನ್ನನ್ನೇ ತಾನು ತೋರಿಸುತ್ತ ಸುತ್ತು ಹೊಡೆಯುತ್ತದೆ, ಬ್ಯಾಷ್ ಎಚ್ಚರಿಕೆ ಮುದ್ರಿಸುತ್ತದೆ. ಹಾಗಾಗಿ ಅನುಭವಸ್ಥರು ನೇಮ್‌ರೆಫ್‌ಗೆ ಬೇರೆಲ್ಲೂ ಬಾರದ ಒಂದು ಉದ್ದ ಹೆಸರು ಇಡುತ್ತಾರೆ.

ಹೊಸ ಆಬ್ಜೆಕ್ಟ್ ಹುಟ್ಟಿಸುವ ಫಂಕ್ಷನ್ ‘ಯಂತ್ರ.ಹೊಸ’. ಇದನ್ನು ಬರೆಯುವಾಗ ಎಲ್ಲರೂ ಒಮ್ಮೆ ಎಡವುತ್ತಾರೆ. ಫಂಕ್ಷನ್ ಒಳಗೆ ಡಿಕ್ಲೇರ್ ಎಂದರೆ ಆ ಪೆಟ್ಟಿಗೆ ಫಂಕ್ಷನ್ ಮುಗಿಯುತ್ತಲೇ ಮಾಯ. 2011ರ 4.2 ಆವೃತ್ತಿಯಲ್ಲಿ ಸೇರಿದ ಜಿ ಆಯ್ಕೆಯನ್ನೂ ಕೊಟ್ಟರೆ ಮಾತ್ರ ಅದು ಹೊರಗೆ ಉಳಿಯುತ್ತದೆ. ಸ್ಟೀಮ್ ಕಥೆಯ ಪಾಠ ನಿಜಕ್ಕೂ ಉಪಯೋಗಕ್ಕೆ ಬರುವುದು ಇದೇ ಫಂಕ್ಷನ್‌ನಲ್ಲಿ. ಕೋಶದ ಹೆಸರು ಖಾಲಿಯೇ? ಅದು ಬರೀ ಓರೆ ಗೆರೆಯೇ? ಆ ಕೋಶ ಡಿಸ್ಕಿನಲ್ಲಿ ನಿಜವಾಗಿ ಇದೆಯೇ? ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ಆಬ್ಜೆಕ್ಟ್ ಹುಟ್ಟಲೇಬಾರದು. ಅಳಿಸುವ ಕೆಲಸ ‘ಯಂತ್ರ.ಅಳಿಸು’ ಎಂಬ ಒಂದೇ ಫಂಕ್ಷನ್‌ನಲ್ಲಿರಲಿ. ಸ್ಕ್ರಿಪ್ಟಿನ ಬೇರೆ ಯಾವ ಸಾಲಿನಲ್ಲೂ ಅಳಿಸುವ ಆಜ್ಞೆ ಕಾಣಬಾರದು. ಸೊಸೈಟಿಯ ಕಿಟಕಿ ಎಂದರೆ ಇದೇ.

ಬ್ಯಾಷ್ ಈ ಶಿಸ್ತನ್ನು ಕಾಯುವುದಿಲ್ಲ ಎಂಬುದನ್ನೂ ಹೇಳಬೇಕು. ಯಾರಾದರೂ ಕಿಟಕಿ ಬಿಟ್ಟು ನೇರವಾಗಿ ಪಿಸಿ7ರ ಖಾನೆಗೆ ಕೈ ಹಾಕಿದರೆ ತಡೆಯುವ ಬೀಗ ಶೆಲ್‌ನಲ್ಲಿಲ್ಲ. ಲೋಕಲ್ ಎಂದು ಗುರುತು ಮಾಡಿದ ವೇರಿಯೆಬಲ್ ಕೂಡ, ಆ ಫಂಕ್ಷನ್ ಕರೆಯುವ ಇತರ ಫಂಕ್ಷನ್‌ಗಳಿಗೆಲ್ಲ ಕಾಣುತ್ತದೆ. ಇಲ್ಲಿರುವುದು ಬರೆಯುವವರ ನಡುವಿನ ಒಪ್ಪಂದ ಮಾತ್ರ.

ಹೋದವನು ಮರಳಿ ಬರುವುದಿಲ್ಲ

ಆಬ್ಜೆಕ್ಟುಗಳನ್ನು ಶೆಲ್‌ಗೆ ತರುವವರನ್ನು ಅತಿ ಹೆಚ್ಚು ಕಾಡುವ ತೊಂದರೆ ಬೇರೆಯೇ ಇದೆ. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿದಂತೆ.

ಶೆಲ್ ಫಂಕ್ಷನ್‌ಗೆ ಬೇರೆ ಭಾಷೆಗಳ ಹಾಗೆ ಬೆಲೆ ಹಿಂದಿರುಗಿಸಲು ಬರುವುದಿಲ್ಲ. ಯಶಸ್ಸೋ ಸೋಲೋ ಎಂದು ತಿಳಿಸುವ ಒಂದು ಸಣ್ಣ ಅಂಕಿಯನ್ನಷ್ಟೇ ಅದು ಕೊಡಬಲ್ಲದು. ಹಾಗಾಗಿ ಉತ್ತರವನ್ನು ಎಕೋ ಮಾಡಿಸಿ, ಡಾಲರ್ ಚಿಹ್ನೆ ಮತ್ತು ಆವರಣದ ಮೂಲಕ ಹಿಡಿದುಕೊಳ್ಳುವುದು ಎಲ್ಲರೂ ಕಲಿತ ದಾರಿ. ಆದರೆ ಹೀಗೆ ಮಾಡಿದಾಗ ಬ್ಯಾಷ್ ತನ್ನದೇ ಒಂದು ಪ್ರತಿಯನ್ನು ಹುಟ್ಟಿಸಿ ಫಂಕ್ಷನ್ನನ್ನು ಆ ಪ್ರತಿಯೊಳಗೆ ನಡೆಸುತ್ತದೆ. ಇದಕ್ಕೆ ‘ಸಬ್‌ಶೆಲ್’ ಎಂದು ಹೆಸರು. ಪ್ರತಿಗೆ ಎಲ್ಲ ಪೆಟ್ಟಿಗೆಗಳ ನಕಲೂ ಸಿಗುತ್ತದೆ. ಅದು ನಕಲಿನಲ್ಲೇ ತಿದ್ದುತ್ತದೆ, ಉತ್ತರ ಕೂಗಿ ಹೇಳುತ್ತದೆ, ಸತ್ತು ಹೋಗುತ್ತದೆ. ಉತ್ತರ ಮಾತ್ರ ನಮಗೆ ತಲುಪುತ್ತದೆ.

ಒಂದು ಲೆಕ್ಕದ ಆಬ್ಜೆಕ್ಟ್ ಇದೆ ಎನ್ನಿ. ‘ಮುಂದಿನ ಅಂಕಿ ಕೊಡು’ ಎಂದಾಗ ಅದು ತನ್ನ ಖಾನೆಯ ಅಂಕಿಗೆ ಒಂದು ಕೂಡಿಸಿ, ಹೊಸ ಅಂಕಿಯನ್ನು ಹೇಳಬೇಕು. ಡಾಲರ್-ಆವರಣದಲ್ಲಿ ಹತ್ತು ಸಲ ಕರೆದರೆ ಹತ್ತು ಸಲವೂ 1 ಎಂದೇ ಉತ್ತರ ಬರುತ್ತದೆ. ಪ್ರತಿ ಸಲವೂ ನಕಲು ಬದಲಾಯಿತೇ ಹೊರತು ಮೂಲ ಬದಲಾಗಲಿಲ್ಲ. ಫಂಕ್ಷನ್‌ನಲ್ಲಿ ದೋಷವಿಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. ಅಂಕಿ ತಪ್ಪು, ಅಷ್ಟೇ. ಆ ಅಂಕಿಯಿಂದ ನಕಲು ಕಡತಗಳಿಗೆ ಹೆಸರಿಡುತ್ತಿದ್ದರೆ ಹತ್ತನೆಯ ನಕಲು ಹಿಂದಿನ ಒಂಬತ್ತನ್ನೂ ನುಂಗಿರುತ್ತದೆ, ಅದು ಗೊತ್ತಾಗುವುದು ಹಳೆಯ ಕಡತ ಬೇಕೆಂದು ಹುಡುಕಿದ ದಿನ.

ಪೈಪ್ ಬಳಸಿದಾಗಲೂ ಇದೇ ಕಥೆ. ಒಂದು ಪಟ್ಟಿಯನ್ನು ಪೈಪ್ ಮೂಲಕ ವೈಲ್ ಲೂಪಿಗೆ ಕೊಟ್ಟು, ಲೂಪಿನೊಳಗೆ ಆಬ್ಜೆಕ್ಟುಗಳನ್ನು ಬದಲಿಸಿದರೆ ಹೊರಗೆ ಬಂದ ಮೇಲೆ ಏನೂ ಬದಲಾಗಿರುವುದಿಲ್ಲ.

ಪರಿಹಾರ ಇದೆ. ಉತ್ತರವನ್ನು ಕೂಗುವ ಬದಲು, ಕರೆದವರು ಕೊಟ್ಟ ಹೆಸರಿನ ವೇರಿಯೆಬಲ್‌ನಲ್ಲಿ ನೇರವಾಗಿ ಬರೆದಿಡಬೇಕು. ಪ್ರಿಂಟ್‌ಎಫ್ ಆಜ್ಞೆಯ ವಿ ಆಯ್ಕೆಯಿಂದಲೋ ನೇಮ್‌ರೆಫ್‌ನಿಂದಲೋ ಇದು ಆಗುತ್ತದೆ. ಸಬ್‌ಶೆಲ್ ಹುಟ್ಟುವುದಿಲ್ಲವಾದ್ದರಿಂದ ವೇಗವೂ ಹೆಚ್ಚು. 2025ರ ಜುಲೈಯಲ್ಲಿ ಬಂದ ಬ್ಯಾಷ್ 5.3 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಡಾಲರ್‌ನ ಮುಂದೆ ದುಂಡು ಆವರಣದ ಬದಲು ಪುಷ್ಪಾವರಣ, ಒಂದು ಖಾಲಿ ಜಾಗ ಬಿಟ್ಟು ಆಜ್ಞೆ ಬರೆದರೆ ಅದು ಈಗಿನ ಶೆಲ್‌ನೊಳಗೇ ನಡೆದು ಉತ್ತರ ಕೊಡುತ್ತದೆ, ಬದಲಾವಣೆಗಳೂ ಉಳಿಯುತ್ತವೆ. ಕಾರ್ನ್ ಶೆಲ್‌ನಲ್ಲಿ ಮೊದಲೇ ಇದ್ದ ಸೌಲಭ್ಯ ಇದು. ಬ್ಯಾಷ್‌ಗೆ ಬರಲು ಇಷ್ಟು ಕಾಲ ಹಿಡಿಯಿತು. ಹಳೆಯ ಗಣಕಗಳಲ್ಲಿ 5.3 ಇರುವುದಿಲ್ಲವಾದ್ದರಿಂದ ಇದನ್ನೇ ನಂಬಿ ಬರೆಯುವುದು ಸದ್ಯಕ್ಕೆ ಬೇಡ.

ತಂದೆಯ ಗುಣ ಮಗನಿಗೆ

ಮೂರನೆಯ ಗುಣ ಆನುವಂಶಿಕತೆ. ಲ್ಯಾಬಿನಲ್ಲಿ ಪ್ರಿಂಟರೂ ಇದೆ. ಅದೂ ಒಂದು ಯಂತ್ರವೇ, ವಿಳಾಸವಿದೆ, ಚಾಲೂ ಇದೆಯೇ ಎಂದು ನೋಡಬಹುದು. ಆದರೆ ಅದರ ಕಡತ ನಕಲು ಮಾಡುವ ಪ್ರಶ್ನೆಯಿಲ್ಲ, ಬದಲಿಗೆ ಕಾಗದ ಇದೆಯೇ ನೋಡಬೇಕು.

ಇದಕ್ಕೆ ‘ಹೇಳು’ ಎಂಬ ಒಂದು ಪುಟ್ಟ ಫಂಕ್ಷನ್ ಬರೆದರೆ ಸಾಕು. ‘ಹೇಳು ಪಿಸಿ7 ನೋಡು’ ಎಂದಾಗ ಅದು ಪಿಸಿ7ರ ‘ಕ್ಲಾಸ್’ ಖಾನೆ ನೋಡುತ್ತದೆ, ಕ್ಲಾಸಿನ ಹೆಸರು, ಚುಕ್ಕೆ, ಕೆಲಸದ ಹೆಸರು ಸೇರಿಸಿ ‘ಯಂತ್ರ.ನೋಡು’ ಎಂದು ಮಾಡುತ್ತದೆ. ಆ ಹೆಸರಿನ ಫಂಕ್ಷನ್ ಇದೆಯೇ ಎಂದು ಡಿಕ್ಲೇರ್‌ನ ದೊಡ್ಡಕ್ಷರದ ಎಫ್ ಆಯ್ಕೆಯಿಂದ ಕೇಳುತ್ತದೆ. ಇದ್ದರೆ ಕರೆಯುತ್ತದೆ. ಪ್ರಿಂಟರಿಗೆ ‘ಪ್ರಿಂಟರ್.ನೋಡು’ ಎಂಬುದು ಇಲ್ಲದಿದ್ದರೆ, ಪ್ರಿಂಟರಿನ ತಂದೆ ಯಾರು ಎಂದು ಇನ್ನೊಂದು ಪೆಟ್ಟಿಗೆಯಲ್ಲಿ ನೋಡಿ ‘ಯಂತ್ರ.ನೋಡು’ ಕರೆಯುತ್ತದೆ. ಅಲ್ಲೂ ಇಲ್ಲದಿದ್ದರೆ ದೋಷ ಹೇಳಿ ನಿಲ್ಲುತ್ತದೆ. ಇಡೀ ಕೆಲಸಕ್ಕೆ ಹದಿನೈದು ಸಾಲು ಸಾಕು.

ನಿಜವಾದ ದೊಡ್ಡ ಕೆಲಸದಲ್ಲಿ ಇದು ನಡೆಯುತ್ತದೆಯೇ ಎಂದು ಕೇಳುವವರು ‘ಜೆಂಟೂ’ ಎಂಬ ಲಿನಕ್ಸ್ ವಿತರಣೆಯನ್ನು ನೋಡಬೇಕು. ಡೇನಿಯಲ್ ರಾಬಿನ್ಸ್ ಆರಂಭಿಸಿದ ಜೆಂಟೂವಿನ 1.0 ಆವೃತ್ತಿ 2002ರಲ್ಲಿ ಹೊರಬಂತು. ಇದರಲ್ಲಿ ಪ್ರತಿ ತಂತ್ರಾಂಶಕ್ಕೂ ‘ಈಬಿಲ್ಡ್’ ಎಂಬ ಕಡತವಿದೆ. ಅದು ಅಪ್ಪಟ ಬ್ಯಾಷ್. ಮೂಲ ಕಡತ ಬಿಚ್ಚುವುದು, ಸಜ್ಜು ಮಾಡುವುದು, ಕಂಪೈಲ್ ಮಾಡುವುದು, ಪರೀಕ್ಷಿಸುವುದು, ಸ್ಥಾಪಿಸುವುದು, ಹೀಗೆ ಪ್ರತಿ ಹಂತಕ್ಕೂ ಹೆಸರು ನಿಗದಿಯಾದ ಒಂದು ಫಂಕ್ಷನ್ ಇದೆ. ಸಾವಿರಾರು ತಂತ್ರಾಂಶಗಳಿಗೆ ಈ ಹಂತಗಳು ಹೆಚ್ಚು ಕಡಿಮೆ ಒಂದೇ ರೀತಿ. ಆದ್ದರಿಂದ ಸಮಾನ ಭಾಗಗಳನ್ನು ‘ಈಕ್ಲಾಸ್’ ಎಂಬ ಬೇರೆ ಕಡತಗಳಲ್ಲಿ ಇಟ್ಟಿದ್ದಾರೆ. ಅದನ್ನು ಬಳಸಿಕೊಳ್ಳುವ ಆಜ್ಞೆಯ ಹೆಸರು ‘ಇನ್‌ಹೆರಿಟ್’. ಎರಡೂ ಪದಗಳು ಆಬ್ಜೆಕ್ಟ್ ಜಗತ್ತಿನಿಂದಲೇ ಬಂದವು.

ಸಿಮೇಕ್ ಎಂಬ ಸಾಧನ ಬಳಸುವ ತಂತ್ರಾಂಶಗಳಿಗೆ ಸಿಮೇಕ್ ಈಕ್ಲಾಸ್ ಇದೆ. ಕೆಡಿಇಯ ತಂತ್ರಾಂಶಗಳಿಗೆ ‘ಇಸಿಎಂ’ ಎಂಬ ಈಕ್ಲಾಸ್, ಅದು ಸಿಮೇಕ್ ಈಕ್ಲಾಸಿನ ಮೇಲೆ ನಿಂತಿದೆ. ಅಜ್ಜ, ತಂದೆ, ಮಗ ಎಂಬಂತೆ. ಈಬಿಲ್ಡ್ ಬರೆಯುವವರು ಏನೂ ಹೇಳದಿದ್ದರೆ ಹಿರಿಯರ ಫಂಕ್ಷನ್ ತಾನಾಗಿ ನಡೆಯುತ್ತದೆ. ಸ್ಥಾಪಿಸುವ ಹಂತದಲ್ಲಿ ಮಾತ್ರ ಏನೋ ಹೆಚ್ಚಿನದು ಬೇಕೆಂದರೆ ಅದೊಂದೇ ಫಂಕ್ಷನ್ನನ್ನು ಮತ್ತೆ ಬರೆದು, ಒಳಗಿನಿಂದ ಈಕ್ಲಾಸಿನ ಹೆಸರು ಮುಂದೆ ಸೇರಿದ ಮೂಲ ಫಂಕ್ಷನ್ನನ್ನು ಕರೆದು, ನಂತರ ತಮ್ಮ ಎರಡು ಸಾಲು ಸೇರಿಸುತ್ತಾರೆ. ಜಾವಾದಲ್ಲಿ ‘ಸೂಪರ್’ ಎಂದು ಮಾಡುವ ಕೆಲಸವೇ ಇದು. ಎರಡು ಈಕ್ಲಾಸ್‌ಗಳು ಒಂದೇ ಹಂತದ ಫಂಕ್ಷನ್ ಕೊಟ್ಟರೆ ಕೊನೆಯಲ್ಲಿ ಸೇರಿಸಿಕೊಂಡದ್ದು ಗೆಲ್ಲುತ್ತದೆ. ಅವಲಂಬನೆಗಳ ಪಟ್ಟಿಯಂಥ ಕೆಲವು ವೇರಿಯೆಬಲ್‌ಗಳು ಮಾತ್ರ ಒಂದನ್ನೊಂದು ಅಳಿಸದೆ ಕೂಡಿಕೊಳ್ಳುತ್ತವೆ. ಗೂಗಲ್‌ನ ಕ್ರೋಮ್ ಓಎಸ್ ಕಟ್ಟಲು ಆರಿಸಿಕೊಂಡದ್ದೂ ಜೆಂಟೂವಿನ ‘ಪೋರ್ಟೇಜ್’ ವ್ಯವಸ್ಥೆಯನ್ನೇ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಜೆಂಟೂವಿನಲ್ಲಿ ಕ್ಲಾಸುಗಳಿವೆ, ಆನುವಂಶಿಕತೆ ಇದೆ, ಆದರೆ ಸಾವಿರ ಆಬ್ಜೆಕ್ಟುಗಳು ಒಂದೇ ಸ್ಕ್ರಿಪ್ಟಿನಲ್ಲಿ ಜೀವಿಸುವುದಿಲ್ಲ. ಒಂದು ಓಟಕ್ಕೆ ಒಂದೇ ತಂತ್ರಾಂಶ. ಯಾವುದು ಮೊದಲು, ಯಾವುದು ನಂತರ ಎಂಬ ತಲೆನೋವಿನ ಲೆಕ್ಕವನ್ನು ಪೋರ್ಟೇಜ್ ಮಾಡುವುದು ಪೈಥಾನ್‌ನಲ್ಲಿ. ಬ್ಯಾಷ್‌ಗೆ ಬಿಟ್ಟಿರುವುದು ಅದಕ್ಕೆ ಒಗ್ಗುವ ಪಾಲನ್ನು ಮಾತ್ರ. ಈ ವಿವೇಕವೇ ಜೆಂಟೂವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿಸಿದೆ ಎನ್ನಬಹುದು.

ಇವಾಲ್ ಎಂಬ ಬೆಂಕಿ

ಗೆರೆ ದಾಟುವವರು ಹೆಚ್ಚಾಗಿ ದಾಟುವುದು ‘ಇವಾಲ್’ ಎಂಬ ಆಜ್ಞೆಯ ಮೂಲಕ. ಅಕ್ಷರಗಳ ಸಾಲನ್ನು ಕೊಟ್ಟರೆ ಅದನ್ನು ಆಜ್ಞೆಯೆಂದು ತಿಳಿದು ನಡೆಸುವುದು ಇವಾಲ್‌ನ ಕೆಲಸ. ನೇಮ್‌ರೆಫ್ ಬರುವ ಮೊದಲು ಶೆಲ್‌ನಲ್ಲಿ ಆಬ್ಜೆಕ್ಟ್ ಕಟ್ಟಿದವರೆಲ್ಲ ಇದನ್ನೇ ನೆಚ್ಚಿಕೊಂಡಿದ್ದರು. ಪ್ರತಿ ಆಬ್ಜೆಕ್ಟಿಗೂ ಅದರದೇ ಹೆಸರಿನ ಫಂಕ್ಷನ್‌ಗಳನ್ನು ಓಡುತ್ತಿರುವಾಗಲೇ ಸೃಷ್ಟಿಸುವ ಗ್ರಂಥಾಲಯಗಳೂ ಬಂದವು. ನೋಡಲು ಚಮತ್ಕಾರ. ಆದರೆ ಆಬ್ಜೆಕ್ಟಿನ ಹೆಸರೋ ಖಾನೆಯ ಬೆಲೆಯೋ ಹೊರಗಿನಿಂದ, ಅಂದರೆ ಒಂದು ಕಡತದಿಂದಲೋ ವೆಬ್ ಫಾರ್ಮಿನಿಂದಲೋ ಬರುತ್ತಿದ್ದರೆ, ಅದರಲ್ಲಿ ಒಂದು ಅರ್ಧವಿರಾಮ ಚಿಹ್ನೆ ಹಾಕಿ ಮುಂದೆ ಅಳಿಸುವ ಆಜ್ಞೆ ಬರೆದವನ ಮಾತನ್ನೂ ಇವಾಲ್ ವಿಧೇಯವಾಗಿ ನಡೆಸುತ್ತದೆ.

ಮಾಹಿತಿಯನ್ನು ಆಜ್ಞೆಯೆಂದು ಓದುವುದರ ಬೆಲೆ ಏನೆಂದು ಲೋಕಕ್ಕೆ ಗೊತ್ತಾದದ್ದು 2014ರ ಸೆಪ್ಟೆಂಬರ್ 24ರಂದು ಪ್ರಕಟವಾದ ‘ಶೆಲ್‌ಶಾಕ್’ ದೋಷದಿಂದ. ಅದನ್ನು ಕಂಡುಹಿಡಿದವರು ಸ್ಟೆಫಾನ್ ಶಾಜೆಲಾ. ಬ್ಯಾಷ್‌ನಲ್ಲಿ ಒಂದು ಫಂಕ್ಷನ್ನನ್ನು ಮಗು ಶೆಲ್‌ಗೆ ರವಾನಿಸುವ ಸೌಲಭ್ಯವಿದೆ. ರವಾನೆಯಾಗುವುದು ಪರಿಸರದ ವೇರಿಯೆಬಲ್ ಮೂಲಕ, ಬರೀ ಅಕ್ಷರಗಳಾಗಿ. ಬೆಲೆ ಫಂಕ್ಷನ್ನಿನಂತೆ ಆರಂಭವಾದರೆ ಬ್ಯಾಷ್ ಅದನ್ನು ಓದಿ ಫಂಕ್ಷನ್ ಮಾಡಿಕೊಳ್ಳುತ್ತಿತ್ತು. ಆದರೆ ಫಂಕ್ಷನ್ ಮುಗಿದ ಮೇಲೂ ಓದುವುದನ್ನು ನಿಲ್ಲಿಸದೆ ಬಾಲದಲ್ಲಿದ್ದ ಆಜ್ಞೆಗಳನ್ನೂ ನಡೆಸಿಬಿಡುತ್ತಿತ್ತು. ವೆಬ್ ಸರ್ವರ್‌ಗಳು ಸಿಜಿಐ ಪದ್ಧತಿಯಲ್ಲಿ ಬ್ರೌಸರ್ ಕಳಿಸಿದ ಮಾಹಿತಿಯನ್ನು ಪರಿಸರದ ವೇರಿಯೆಬಲ್‌ಗಳಲ್ಲೇ ಇಡುತ್ತವೆ. ಅಂದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತವನು ಆ ಸರ್ವರ್‌ಗೆ ಆಜ್ಞೆ ಕೊಡಬಹುದಾಗಿತ್ತು. ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದ ದೋಷ ಇದು.

ಆದ್ದರಿಂದ ಇವಾಲ್ ಇಲ್ಲದೆ ಕಟ್ಟಲಾಗದ ಆಬ್ಜೆಕ್ಟ್ ಶೆಲ್‌ನಲ್ಲಿ ಬೇಡವೇ ಬೇಡ.

ಬೇರೆ ಶೆಲ್‌ಗಳಲ್ಲಿ

ಎಲ್ಲ ಶೆಲ್‌ಗಳೂ ಬ್ಯಾಷ್‌ನಂತಲ್ಲ. ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್‌ನ 93ರ ಆವೃತ್ತಿಯಲ್ಲಿ ವೇರಿಯೆಬಲ್‌ಗೆ ಬೆಲೆ ತುಂಬುವಾಗ, ಓದುವಾಗ ತಾನಾಗಿ ನಡೆಯುವ ಫಂಕ್ಷನ್‌ಗಳನ್ನು ಬರೆಯಬಹುದು. ಖಾಲಿ ಕೋಶದ ಹೆಸರನ್ನು ಬಾಗಿಲಲ್ಲೇ ತಡೆಯಲು ಹೇಳಿ ಮಾಡಿಸಿದ ಸೌಲಭ್ಯ. ಮೈಕ್ರೋಸಾಫ್ಟ್ 2006ರಲ್ಲಿ ತಂದ ಪವರ್‌ಶೆಲ್‌ನಲ್ಲಿ ಪೈಪಿನಲ್ಲಿ ಹರಿಯುವುದೇ ಆಬ್ಜೆಕ್ಟ್, ಅಕ್ಷರವಲ್ಲ. ಮುಂದೆ 5ನೇ ಆವೃತ್ತಿಯಲ್ಲಿ ಕ್ಲಾಸ್ ಎಂಬ ಪದವೂ ಸೇರಿತು. ಆದರೆ ಯಾವ ಲಿನಕ್ಸ್ ಗಣಕಕ್ಕೆ ಹೋದರೂ ಏನನ್ನೂ ಹೊಸದಾಗಿ ಸ್ಥಾಪಿಸದೆ ಸಿಗುವುದು ಹೆಚ್ಚಾಗಿ ಬ್ಯಾಷ್ ತಾನೇ.

‘ಸಿಗುವುದು’ ಎಂಬಲ್ಲೂ ಒಂದು ಸೂಕ್ಷ್ಮ ಇದೆ. ಉಬುಂಟುವಿನಲ್ಲಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಷ್ ಎಂದು ಬರೆಯದೆ ಬರೀ ‘ಎಸ್‌ಎಚ್’ ಎಂದು ಬರೆದರೆ ನಡೆಯುವುದು ಡ್ಯಾಶ್ ಎಂಬ ಚಿಕ್ಕ ಶೆಲ್. ಅದಕ್ಕೆ ಅರೇ ಗೊತ್ತಿಲ್ಲ, ನೇಮ್‌ರೆಫ್ ಗೊತ್ತಿಲ್ಲ, ಚುಕ್ಕೆ ಇರುವ ಫಂಕ್ಷನ್ ಹೆಸರನ್ನು ಅದು ಒಪ್ಪುವುದಿಲ್ಲ. ಆಪಲ್‌ನ ಮ್ಯಾಕ್ ಗಣಕಗಳಲ್ಲಿ ಲೈಸೆನ್ಸಿನ ಕಾರಣಕ್ಕೆ ಬ್ಯಾಷ್ 3.2ರಲ್ಲೇ ನಿಂತಿದೆ. ಅಲ್ಲಿ ಮೇಲೆ ಹೇಳಿದ ಪೆಟ್ಟಿಗೆಯೂ ಇಲ್ಲ. ಹೀಗಾಗಿ ಸ್ಕ್ರಿಪ್ಟಿನ ಆರಂಭದಲ್ಲೇ ಬ್ಯಾಷ್‌ನ ಆವೃತ್ತಿ ಪರೀಕ್ಷಿಸಿ, 4.3ಕ್ಕಿಂತ ಹಳೆಯದಾದರೆ ಒಂದು ಮಾತು ಹೇಳಿ ನಿಂತುಬಿಡುವುದು ಒಳ್ಳೆಯದು.

ಎಲ್ಲಿ ನಿಲ್ಲಬೇಕು?

ಗೂಗಲ್ ಸಂಸ್ಥೆ ತನ್ನ ಶೆಲ್ ಬರವಣಿಗೆಯ ಮಾರ್ಗದರ್ಶಿಯಲ್ಲಿ ಈ ಪ್ರಶ್ನೆಗೆ ಖಡಾಖಂಡಿತ ಉತ್ತರ ಕೊಟ್ಟಿದೆ: ಸ್ಕ್ರಿಪ್ಟ್ 100 ಸಾಲು ದಾಟಿದರೆ ಅಥವಾ ಅದರ ಹರಿವು ಜಟಿಲವಾದರೆ ಬೇರೆ ಭಾಷೆಯಲ್ಲಿ ಬರೆಯಿರಿ. 100 ಎಂಬುದು ಸ್ವಲ್ಪ ಬಿಗಿಯಾಯಿತು ಎನ್ನುವವರಿದ್ದಾರೆ. ಆದರೂ ಕೆಲವು ಗುರುತುಗಳನ್ನು ನೋಡಿಯೇ ಹೇಳಬಹುದು. ಆಬ್ಜೆಕ್ಟಿನ ಒಳಗೆ ಇನ್ನೊಂದು ಆಬ್ಜೆಕ್ಟ್ ಇಡಬೇಕಾಯಿತೇ? ಬ್ಯಾಷ್‌ನ ಖಾನೆಯಲ್ಲಿ ಇನ್ನೊಂದು ಪೆಟ್ಟಿಗೆ ಹಿಡಿಸುವುದಿಲ್ಲ, ಅದರ ಹೆಸರನ್ನು ಬರೆದಿಟ್ಟು ತೇಪೆ ಹಾಕಬೇಕು. ಬೇಡವಾದ ಆಬ್ಜೆಕ್ಟುಗಳನ್ನು ಕೈಯಾರೆ ಅಳಿಸುತ್ತ ಕೂರಬೇಕಾಯಿತೇ? ಪೆಟ್ಟಿಗೆಯನ್ನು ಇನ್ನೊಂದು ಸ್ಕ್ರಿಪ್ಟಿಗೆ ದಾಟಿಸಬೇಕಾಯಿತೇ? ಅರೇಯನ್ನು ರವಾನಿಸಲು ಬ್ಯಾಷ್‌ಗೆ ಬರುವುದಿಲ್ಲ. ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಪೈಥಾನ್‌ಗೆ ಹೋಗುವ ಹೊತ್ತು ಬಂದಿದೆ ಎಂದು ತಿಳಿಯಬೇಕು.

ಅದಕ್ಕಿಂತ ಈಚೆಗೆ ಇರುವ ಸ್ಕ್ರಿಪ್ಟುಗಳಿಗೆ, ಅಂದರೆ ನಮ್ಮ ನಾನೂರು ಸಾಲಿನ ಲ್ಯಾಬ್ ಸ್ಕ್ರಿಪ್ಟಿನಂಥವಕ್ಕೆ, ಕ್ಲಾಸಿನ ಹೆಸರು ಮುಂದಿರುವ ಫಂಕ್ಷನ್‌ಗಳು, ಒಂದು ವಸ್ತುವಿಗೆ ಒಂದೇ ಪೆಟ್ಟಿಗೆ, ಹುಟ್ಟುವಾಗಲೇ ಪರೀಕ್ಷೆ, ಇಷ್ಟೇ ಸಾಕಾಗುತ್ತದೆ. ಗೂಗಲ್‌ನ ಮಾರ್ಗದರ್ಶಿಯೂ ಗ್ರಂಥಾಲಯದ ಫಂಕ್ಷನ್‌ಗಳ ಹೆಸರಿನ ನಡುವೆ ಎರಡು ಕೋಲನ್ ಇಡಲು ಹೇಳುತ್ತದೆ, ಉದ್ದೇಶ ಇದೇ. ‘ಶೆಲ್‌ಚೆಕ್’ ಎಂಬ ಉಚಿತ ಸಾಧನಕ್ಕೆ ಸ್ಕ್ರಿಪ್ಟ್ ಕೊಟ್ಟರೆ ಸ್ಟೀಮ್‌ನಲ್ಲಿ ಆದಂಥ ಸಾಲನ್ನು ಅದು ಬೆರಳಿಟ್ಟು ತೋರಿಸಿ, ವೇರಿಯೆಬಲ್ ಹೆಸರಿನ ಮುಂದೆ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಸೇರಿಸಲು ಸೂಚಿಸುತ್ತದೆ. ಆ ಎರಡು ಚಿಹ್ನೆ ಇದ್ದರೆ ಖಾಲಿ ಹೆಸರು ಸಿಕ್ಕ ಕ್ಷಣವೇ ಶೆಲ್ ದೋಷ ಹೇಳಿ ಸ್ಕ್ರಿಪ್ಟನ್ನು ನಿಲ್ಲಿಸುತ್ತದೆ, ಅಳಿಸುವ ಆಜ್ಞೆ ನಡೆಯುವುದೇ ಇಲ್ಲ. ಇದು ಯಾವ ಕ್ಲಾಸಿನ ಸಹಾಯವೂ ಇಲ್ಲದೆ, ಡ್ಯಾಶ್‌ನಲ್ಲೂ, ಮ್ಯಾಕಿನ ಹಳೆಯ ಬ್ಯಾಷ್‌ನಲ್ಲೂ ಕೆಲಸ ಮಾಡುತ್ತದೆ.